ಮಧ್ಯಾಹ್ನದ ಸಹಿ

ಜಾಸ್ಮಿನಳ ಸಹಿ ಮಾಡೂದು ಸರಳ. ಕನ್ನಡದಾಗ ಪೂರ್ತಿ ಹೆಸರು ಬರೀಬೇಕು, ಕಡೀ ಅಕ್ಷರದ ಬಾಲ ಬಲಕ್ಕ ಎಳೀಬೇಕು, ಕೆಳಗೊಂದು ಗೆರಿ, ಗೆರಿ ಕೆಳಗ ಎರಡು ಚುಕ್ಕಿ. ಆರು ವರ್ಷದಾಗ ಅದನ್ನ ಎಷ್ಟು ಸಲ ಮಾಡೇನಿ ಅಂದ್ರ, ಆಕಿ ಅಪ್ಪ ನೋಡಿದ್ರೂ ಮಗಳದ ಅಂತಿದ್ರು. ಒಂದು ಕಾಲಕ್ಕ ಇದನ್ನ ಎಲ್ಲಾರ ಮುಂದ ನಕ್ಕೋತ ಹೇಳತಿದ್ದೆ. ಈಗ ಹೇಳೂದು ಬ್ಯಾರೆ ಕಾರಣಕ್ಕ.

ನಾ ಪೂರ್ಣಿಮಾ. ಹಳಿಯಾಳ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಾಗ ಇಪ್ಪತ್ತೊಂದು ವರ್ಷದಿಂದ ವಿಜ್ಞಾನ ಕಲಸ್ತೇನಿ. ಬಾಯಿ ಜೋರು, ಸಿಟ್ಟು ಮೂಗಿನ ತುದಿಮ್ಯಾಲ. ಹುಡುಗ್ರು ಹಿಂದಿನಿಂದ ನನಗ ಏನಂತ ಹೆಸರಿಟ್ಟಾರ ಅನ್ನೂದೂ ಗೊತ್ತೈತಿ, ಅದನ್ನ ಇಲ್ಲಿ ಬರಿಯೂದಿಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಈ ನಾಕೂ ತಾಲೂಕಿನ ವಿಜ್ಞಾನ ಶಿಕ್ಷಕರನ್ನ ಕೂಡಿಸಿ ‘ಕಾಳಿ ವಿಜ್ಞಾನ ಬಳಗ’ ಅಂತ ಕಟ್ಟಿದ್ದು ನಾನ. ಅದಕ್ಕೂ ಮೊದ್ಲು ಒಬ್ಬರ ಮಾರಿ ಒಬ್ಬರಿಗೆ ಗೊತ್ತಿದ್ದಿಲ್ಲ. ಮುಂಡಗೋಡದ ಒಂದು ಸಾಲ್ಯಾಗ ನಾಕು ಸೂಕ್ಷ್ಮದರ್ಶಕ ಕಪಾಟಿನ್ಯಾಗ ಧೂಳ ತಿನ್ನತಿದ್ವು, ಜೋಯಿಡಾದಾಗ ಹುಡುಗ್ರು ಅದನ್ನ ಚಿತ್ರದಾಗಷ್ಟ ನೋಡಿದ್ರು. ಬಳಗ ಆದಮ್ಯಾಲ ಸಾಮಾನು ಬಸ್ಸಿನ್ಯಾಗ ಓಡಾಡಿದ್ವು, ಪಾಠ ವಾಟ್ಸಾಪಿನ್ಯಾಗ ಓಡಾಡಿದ್ವು. ತಿಂಗಳಿಗೊಮ್ಮೆ ಹಳಿಯಾಳದಾಗ ತರಬೇತಿ ನಡೀತಿತ್ತು. ನಾ ಕಾರ್ಯದರ್ಶಿ. ಹೆಮ್ಮೆ ಇತ್ತು ನನಗ, ಸುಳ್ಳ ಯಾಕ ಹೇಳ್ಲಿ.

ತರಬೇತಿಯೊಳಗ ಹಾಜರಿ ಎರಡು ಸಲ. ಮುಂಜಾನೆ ಒಂದು ಸಹಿ, ಮಧ್ಯಾಹ್ನ ಒಂದು ಸಹಿ. ಜೋಯಿಡಾ ದಾಟಿ ಒಳಗಿನ ಊರುಗೋಳಿಗೆ ಹೋಗೂ ಕಡೀ ಬಸ್ಸು ಸಿಗಬೇಕಂದ್ರ ಎರಡೂವರಿಗೆ ಹಳಿಯಾಳ ಸ್ಟ್ಯಾಂಡಿನ್ಯಾಗ ನಿಂತಿರಬೇಕು. ಅದು ತಪ್ಪಿದ್ರ ಮುಗೀತು, ಹೆಣ್ಣುಮಕ್ಕಳು ಎಲ್ಲಿ ಹೋಗಿ ಇರಬೇಕು? ಹಂಗಾಗಿ ಜೋಯಿಡಾದವ್ರು ಉಂಡಕೂಡ್ಲೆ ಹೊಂಡತಿದ್ರು, ಅವರ ಮಧ್ಯಾಹ್ನದ ಸಹಿ ಉಳದವ್ರು ಹಾಕತಿದ್ವಿ. ಸಂಜೀಕ ಫೋನ್ ಹಚ್ಚಿ, ಮಧ್ಯಾಹ್ನ ಏನೇನು ಹೇಳಿದ್ರು ಅನ್ನೂದನ್ನ ಅವರಿಗೆ ತಿಳಿಸೂದು. ಇದು ನಮ್ಮ ಬಳಗದ ಪದ್ಧತಿ. ತಪ್ಪು ಅಂತ ಯಾರಿಗೂ ಅನಿಸಿದ್ದಿಲ್ಲ. ತಪ್ಪೇನಿದ್ರೂ ಬಸ್ಸಿಂದು ಅಂತಿದ್ವಿ.

ಜಾಸ್ಮಿನ ನನಗಿಂತ ಹದಿನಾಕು ವರ್ಷ ಸಣ್ಣಾಕಿ. ದಾಂಡೇಲಿಯಾಕಿ, ಅಪ್ಪ ಅಬ್ದುಲ್ ರಜಾಕ ಮಿಲ್ಲಿನ್ಯಾಗ ಫಿಟ್ಟರ್ ಆಗಿ ದುಡದು ಮಗಳಿಗೆ ಎಂ.ಎಸ್ಸಿ. ಓದಿಸಿದವ್ರು. ನೌಕರಿ ಸಿಕ್ಕಿದ್ದು ಕಾಡಿನೊಳಗಿನ ಸಾಲಿಗೆ. ವರ್ಗ ಮಾಡಿಸಿಕೋ ಅಂತ ಎಲ್ಲಾರೂ ಅಂದ್ರು, ಆಕಿ ಅಲ್ಲೆ ಒಂದು ಖೋಲಿ ಹಿಡದು ಇದ್ದುಬಿಟ್ಲು. “ಅಕ್ಕಾ, ನಮ್ಮ ಹುಡುಗ್ರು ಕೇಳೂ ಪ್ರಶ್ನಿ ನಿಮ್ಮ ಹುಡುಗ್ರು ಜನ್ಮದಾಗ ಕೇಳೂದಿಲ್ರಿ,” ಅಂತ ನನ್ನ ಕಾಡಸತಿದ್ಲು. ಆ ಸಾಲ್ಯಾಗ ಬಿಸಿಊಟದ ಅಡಿಗಿ ಮಾಡೂ ಗೋದುಬಾಯಿ, ಆಕಿ ಮಗಳು ಒಂಬತ್ತನೇತ್ತಾ ಓದೂ ಶೇವಂತಿ, ಇವರಿಬ್ಬರ ಸುದ್ದಿ ಇಲ್ಲದ ಫೋನ್ ಇದ್ದಿಲ್ಲ. ಶೇವಂತಿ ಮನ್ಯಾಗ ಕೊಂಕಣಿ, ಸಾಲ್ಯಾಗ ಕನ್ನಡ, ಎರಡರಾಗೂ ಪ್ರಶ್ನಿ. ಮಿಂಚುಹುಳಕ್ಕ ಬೆಂಕಿ ಯಾಕ ಸುಡೂದಿಲ್ಲ ಅಂತ ಒಮ್ಮೆ ಕೇಳಿದ್ಲಂತ. ನಾವಿಬ್ರೂ ಅದಕ್ಕ ಉತ್ತರಾ ಹುಡುಕಿ ಕಳಿಸಿದ್ವಿ.

ಆ ಜನೆವರಿ ತರಬೇತಿ ಉದ್ಘಾಟನಾಕ್ಕ ಮೇಲಿನ ಆಫೀಸಿನ ಕರಿಬಸಪ್ಪ ಸಾಹೇಬರು ಬಂದ್ರು. ಸಾಹೇಬರು ಕುಂತಮ್ಯಾಲ ಕಣ್ಣಿಗೆ ಕಟ್ಟೂಹಂಗ ಏನಾರ ತೋರಿಸಬೇಕಲ್ಲ. ತರಬೇತಿ ಕೊಡಾಕ ಬಂದ ಉದಯಕುಮಾರ ಸರ್ ಮೂರು ಪಿಂಗಾಣಿ ಬಟ್ಟಲ ಸಾಲಾಗಿ ಇಟ್ರು. ಒಂದರಾಗ ಅಡಿಗಿ ಉಪ್ಪು, ಒಂದರಾಗ ಕೇರಂ ಬೋರ್ಡಿಗೆ ಹಾಕೂ ಪುಡಿ, ಒಂದರಾಗ ಕ್ಯಾಲ್ಸಿಯಂ ಕ್ಲೋರೈಡ್. ಮ್ಯಾಲ ಸ್ಪಿರಿಟ್ ಸುರದು, ಕಿಟಕಿ ಪರದೆ ಎಳಸಿ, ಕಡ್ಡಿ ಗೀರಿದ್ರು. ಹಳದಿ ಉರಿ, ಹಸರು ಉರಿ, ಕೆಂಪು ಉರಿ. ಸಾಹೇಬರು ಚಪ್ಪಾಳಿ ತಟ್ಟಿದ್ರು, ನಾವೂ ತಟ್ಟಿದ್ವಿ. ಜಾಸ್ಮಿನ ಎದ್ದು ಮುಂದ ಹೋಗಿ ಫೋನಿನ್ಯಾಗ ವಿಡಿಯೋ ಹಿಡದ್ಲು.

“ಅಕ್ಕಾ, ವಿಜ್ಞಾನ ದಿನಕ್ಕ ಇದನ್ನ ಮಾಡ್ತೇನ್ರಿ,” ಅಂದ್ಲು ಊಟದಾಗ. “ಶೇವಂತಿ ಇದನ್ನ ನೋಡಿದ್ಲಂದ್ರ ಎರಡು ದಿನ ನನ್ನ ತಲಿ ತಿಂತಾಳ.”

“ಲಗೂ ಉಣ್ಣ, ಬಸ್ ತಪ್ಪತೈತಿ,” ಅಂದೆ ನಾನು.

ಎರಡಕ್ಕ ಡಬ್ಬಿ ಚೀಲಕ್ಕ ತುರುಕಿ ಓಡಿದ್ಲು. ಆಕಿ ಕೂಡ ಜೋಯಿಡಾ ಕಡೆ ಇನ್ನೂ ಮೂರು ಮಂದಿ ಹೋದ್ರು, ದುಂಡೇಶ ಮಾಸ್ತರ ಅವರೊಳಗ ಒಬ್ಬರು.

ಮಧ್ಯಾಹ್ನ ಉದಯಕುಮಾರ ಸರ್ ಮತ್ತ ಬಂದು ನಿಂತ್ರು. ಉಂಡು ಎಲ್ಲಾರೂ ತೂಕಡಸತಿದ್ರು. ಸರ್ ಮಾತೂ ಮೆತ್ತಗ. “ಮುಂಜಾನೆ ತೋರಿಸಿದ್ದನ್ನ ಮಕ್ಕಳ ಮುಂದ ಹಂಗ ಮಾಡಬ್ಯಾಡ್ರಿ,” ಅಂದ್ರು. “ಬೆಳಕಿನ್ಯಾಗ ಸ್ಪಿರಿಟಿನ ಉರಿ ಕಣ್ಣಿಗೆ ಕಾಣೂದಿಲ್ಲ. ಆರೇತಿ ಅಂತ ತಿಳಕೊಂಡು ಬಾಟ್ಲಿಲೆ ಎರಡನೇ ಸಲ ಸುರದ್ರ, ಉರಿ ಬಾಟ್ಲಿಗೆ ಹತ್ತಿ ಮುಂದ ಕುಂತವರ ಮ್ಯಾಲ ಹಾರತೈತಿ. ಐಸ್ಕ್ರೀಮ್ ಕಡ್ಡಿ ತೊಯ್ಸಿ ಉಪ್ಪಿನ್ಯಾಗ ಅದ್ದಿ ದೀಪಕ್ಕ ಹಿಡೀರಿ. ಬಣ್ಣ ಅಷ್ಟು ಕಂಡ್ರ ಸಾಕು.” ಬೋರ್ಡಿನ ಮ್ಯಾಲ ದೊಡ್ಡಕ್ಷರದಾಗ ಬರದ್ರು. ಇದನ್ನ ಈಗ ಅಕ್ಷರಾ ಬಿಡದಂಗ ಹೇಳತೇನಿ. ಅವತ್ತ ನಾ ಹಿಂದಿನ ಬೆಂಚಿನ್ಯಾಗ ಬಗ್ಗಿ, ಜೋಯಿಡಾದ ನಾಕೂ ಮಂದಿ ಸಹಿ ಹಾಕಾಕತ್ತಿದ್ದೆ.

ಸಹಿ ಅಷ್ಟ ಅಲ್ಲ. ಅಭಿಪ್ರಾಯದ ಫಾರ್ಮ್ ಅಂತ ಒಂದು ಕೊಟ್ಟಿದ್ರು. ಈ ದಿನ ನೀವು ಏನು ಕಲಿತಿರಿ, ಅಂತ ಅದರಾಗ ಪ್ರಶ್ನಿ. ಮೂರು ಮಂದಿಗೆ ‘ಚೆನ್ನಾಗಿತ್ತು’ ಅಂತ ಗೀಚಿ ಕೈ ತೊಳಕೊಂಡೆ. ಜಾಸ್ಮಿನಳದು ಹಂಗ ಬರದ್ರ ನಡಿಯೂದಿಲ್ಲ, ಆಕಿ ಯಾವಾಗಲೂ ಸಾಲು ತುಂಬಿ ಬರಿಯಾಕಿ. ತಲಿ ಎತ್ತಿ ಬೋರ್ಡ್ ನೋಡಿ, ಆಕಿ ದುಂಡನ್ನ ಅಕ್ಷರದಾಗ ಬರದೆ: ‘ಉರಿ ಆರಿದಂತೆ ಕಂಡರೂ ಸ್ಪಿರಿಟನ್ನು ಎರಡನೇ ಸಲ ಸುರಿಯಬಾರದು ಎಂಬುದನ್ನು ಕಲಿತೆನು. ಈ ಅಧಿವೇಶನ ತುಂಬಾ ಉಪಯುಕ್ತವಾಗಿತ್ತು.’ ಕೆಳಗ ಸಹಿ, ಗೆರಿ, ಎರಡು ಚುಕ್ಕಿ.

ಸಂಜೀಕ ಆಕೀದ ಫೋನ್ ಬಂತು. ಆ ಊರಾಗ ಸಾಲಿ ಧ್ವಜದ ಕಟ್ಟಿ ಹತ್ತಿ ನಿಂತ್ರಷ್ಟ ರೇಂಜು. ನಮ್ಮ ಮನ್ಯಾಗ ಅವತ್ತ ಗ್ಯಾಸ್ ತೀರಿತ್ತು, ನನ್ನ ತಲಿ ಕೆಟ್ಟಿತ್ತು.

“ಮಧ್ಯಾಹ್ನ ಏನ್ ಹೇಳಿದ್ರರಿ ಅಕ್ಕಾ?”

“ಏನ್ ಹೇಳ್ತಾರವಾ, ಇದ್ದದ್ದ. ಫಾರ್ಮ್ ತುಂಬಿಸಿದ್ರು, ಫೋಟೋ ಹಿಡಸಕೊಂಡ್ರು, ಚಾ ಕುಡಿಸಿ ಕಳಿಸಿದ್ರು.”

“ಸಹಿ?”

“ಹಾಕೇನಿ. ಇಡ ಫೋನ್.”

ಬೇಕಂತ ಮುಚ್ಚಿಟ್ಟಿದ್ದಲ್ಲ, ಆಣಿ ಮಾಡಿ ಹೇಳತೇನಿ. ನಾ ಬರದದ್ದು ನನ್ನ ಕೈಗಷ್ಟ ಗೊತ್ತಿತ್ತು, ತಲಿಗೆ ಹೋಗಿದ್ದಿಲ್ಲ. ಮಂದಿ ಹೆಸರಿಲೆ ಕಲಿತೆನು ಅಂತ ಬರದ್ರ ನಾವು ಏನೂ ಕಲಿಯೂದಿಲ್ಲ.

ಫೆಬ್ರವರಿ ಇಪ್ಪತ್ತೆಂಟು. ಆ ಸಾಲಿ ಕಿಟಕಿಗೆ ಪರದೆ ಎಲ್ಲಿಂದ ಬರಬೇಕು, ಬಾಗಿಲಾನ ಇಲ್ಲ. ಹನ್ನೊಂದರ ಬಿಸಿಲು ನೇರ ಮೇಜಿನ ಮ್ಯಾಲ. ಹಳದಿ ಉರಿ ಕಂಡು ಹುಡುಗ್ರು ಓ ಅಂದ್ರಂತ. ಹಸರಿನ ಬಟ್ಟಲದಾಗ ಏನೂ ಕಾಣವಲ್ದು. ಆರೇತಿ ಅಂದ್ಲು ಜಾಸ್ಮಿನ. ಶೇವಂತಿ ಮುಂದಿನ ಸಾಲಿನಿಂದ ಎದ್ದು ಬಗ್ಗಿ, ಇಲ್ರಿ ಟೀಚರ್, ಬಿಸಿ ಬರಾಕತ್ತೇತ್ರಿ, ಅಂದ್ಲಂತ. ಅಷ್ಟೊತ್ತಿಗೆ ಬಾಟ್ಲಿ ಬಗ್ಗಿತ್ತು.

ಅಡಿಗಿ ಖೋಲಿಯಿಂದ ಗೋದುಬಾಯಿ ಹಸೀ ಗೋಣಿಚೀಲ ತಗೊಂಡು ಓಡಿ ಬಂದು ಮಗಳ ಮ್ಯಾಲ ಬಿದ್ಲು. ಜಾಸ್ಮಿನ ಬರೇ ಕೈಲೆ ಹುಡುಗಿ ಲಂಗದ ಉರಿ ಬಡದು ಆರಿಸಿದ್ಲು. ಯಾರದೋ ಜೀಪಿನ್ಯಾಗ ಜೋಯಿಡಾಕ್ಕ, ಅಲ್ಲಿಂದ ದಾಂಡೇಲಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದ್ರು. ಒಂಬತ್ತನೇ ದಿನ ಶೇವಂತಿ ಹೋದ್ಲು. ಜಾಸ್ಮಿನಳ ಬಲಗೈ ಬೆರಳು ಒಂದಕ್ಕೊಂದು ಕೂಡಿ ಮಡಚಿ ಹೋದ್ವು, ಪೆನ್ನು ಹಿಡಿಯೂದು ಇನ್ನ ಆಗೂದಿಲ್ಲ ಅಂದ್ರು ಡಾಕ್ಟರ್.

ಬಳಗದ ಗ್ರೂಪಿನ್ಯಾಗ ಅವತ್ತ ಎಲ್ಲಾರೂ ಕೈ ಮುಗಿದ ಚಿತ್ರ ಹಾಕಿದ್ರು. ಮರುದಿನ ಮುಂಜಾನೆ ಯಾರೋ ಗುಲಾಬಿ ಹೂವಿನ ಶುಭೋದಯ ಕಳಿಸಿದ್ರು. ನನಗ ಎಂಥಾ ಸಿಟ್ಟು ಬಂತಂದ್ರ ಫೋನ್ ಗೋಡಿಗೆ ಒಗದೆ. ಆ ಸಿಟ್ಟು ಯಾರ ಮ್ಯಾಲ ಅಂತ ಆಗ ತಿಳೀಲಿಲ್ಲ.

ತಿಳಿದಿದ್ದು ನೋಟಿಸು ಬಂದಾಗ. ವಿಚಾರಣಾ ಕರಿಬಸಪ್ಪ ಸಾಹೇಬರದ. ಮುಂಜಾನೆ ಚಪ್ಪಾಳಿ ತಟ್ಟಿದವ್ರು ತಾವ ವಿಚಾರಣಾ ಮಾಡೂದು, ಇದು ನಮ್ಮ ಕಡೆ ರೀತಿ. ಹಾಜರಿ ಪುಸ್ತಕ ತಗದ್ರು, ಅಭಿಪ್ರಾಯದ ಫಾರ್ಮ್ ತಗದ್ರು. ಎರಡನೇ ಸಲ ಸುರಿಯಬಾರದು ಅಂತ ಕಲಿತು, ತನ್ನ ಕೈಲೆ ಬರದು ಕೊಟ್ಟು, ತಿಂಗಳೊಳಗ ಅದನ್ನ ಮಾಡ್ಯಾರ ಅಂತ ನೋಟಿಸಿನ್ಯಾಗ ಇತ್ತು. ಅದರ ಪ್ರತಿ ಪೊಲೀಸರಿಗೂ ಹೋತು. ಮಧ್ಯಾಹ್ನ ನಾ ಇದ್ದಿಲ್ರಿ ಅಂದ್ಲು ಜಾಸ್ಮಿನ. ಹಂಗಾದ್ರ ಈ ಸಹಿ ನಿಮ್ಮದಲ್ಲ ಅಂತ ಮಾಡಿ ತೋರಿಸ್ರಿ ಅಂದ್ರು. ಯಾವ ಕೈಲೆ ಮಾಡಬೇಕು? ಹಳೇ ಕಾಗದದಾಗಿನ ಸಹಿ ಕೂಡ ಹೋಲಿಸಿ ನೋಡಿದ್ರು, ಎಲ್ಲಾ ಒಂದ ಥರ ಇದ್ವು. ಆಕಿ ಕೂಡ ಅದ ಬಸ್ಸಿಗೆ ಹೋದ ದುಂಡೇಶ ಮಾಸ್ತರ, ನಾ ಸಂಜೀತನಕ ತರಬೇತಿ ಹಾಲಿನ್ಯಾಗ ಇದ್ದೆ, ಅವರೂ ಇದ್ರು, ಅಂತ ಹೇಳಿಕೆ ಕೊಟ್ರು. ಪಾಪ, ಅವರ ಸಹಿನೂ ನಂದ ಆಗಿತ್ತು.

ಎಪ್ರಿಲ್‌ನಾಗ ದಾಂಡೇಲಿಗೆ ಆಕಿ ಮನಿಗೆ ಹೋದೆ. ಅಬ್ದುಲ್ ರಜಾಕ ಅವರು ಚಾ ತಂದು ಮುಂದಿಟ್ಟು, ಹೊರಗ ಹೋಗಿ ಕುಂತ್ರು. ಜಾಸ್ಮಿನ ಪಟ್ಟಿ ಸುತ್ತಿದ ಕೈ ಮಡಿಲಾಗ ಇಟ್ಟುಕೊಂಡಿದ್ಲು.

“ಆ ಫಾರ್ಮ್ ನೀವ ಬರದಿದ್ದೇನ್ರಿ ಅಕ್ಕಾ?”

“ಹೂಂ.”

“ಬರಿಯೂವಾಗ ಗೊತ್ತಿತ್ತಲ್ರಿ. ನನಗ ಫೋನಿನ್ಯಾಗ ಯಾಕ ಹೇಳ್ಲಿಲ್ಲ?”

ಗ್ಯಾಸ್ ತೀರಿತ್ತು ಅಂತ ಹೆಂಗ ಹೇಳ್ಲಿ?

ಆಕಿ ಬೈಲಿಲ್ಲ. “ನೌಕರಿ ಹೋದ್ರ ಹೋಗ್ಲಿ,” ಅಂದ್ಲು. “ಜೇಲಿಗೆ ಹಾಕಿದ್ರೂ ಹಾಕ್ಲಿ, ಸುರದ ಕೈ ನಂದ ಐತ್ರಿ. ಆದ್ರ ಆ ಕಾಗದ ಯಾರೋ ಗೋದುಬಾಯಿಗೆ ಓದಿ ಹೇಳ್ಯಾರ. ನಾ ಹೋದಾಗ ಆಕಿ ಒಂದ ಮಾತು ಕೇಳಿದ್ಲು. ಗೊತ್ತಿದ್ದೂ ಸುರದೇನು ಟೀಚರ್, ಅಂತ. ಇಲ್ಲ ಅಂದ್ರ ನಂಬಲಿಲ್ಲ. ಬರದು ಕೊಟ್ಟೀಯಲ್ಲ ಅಂದ್ಲು. ಅಕ್ಕಾ, ನಾ ಮಧ್ಯಾಹ್ನ ಇದ್ದಿಲ್ಲ ಅಂತ ನೀವೊಬ್ಬರು ಹೇಳ್ರಿ. ಮತ್ತೇನೂ ಬ್ಯಾಡ. ಆಕಿಗೆ ಅಷ್ಟು ಗೊತ್ತಾದ್ರ ಸಾಕು.”

“ಹೇಳತೇನಿ,” ಅಂದೆ. ಮನಿಗೆ ಬಂದು ನನ್ನ ಗಂಡ ಈರೇಶನ ಮುಂದ ಹೇಳಿದ್ರ ಆತ ಉಣ್ಣೂದು ಬಿಟ್ಟು ಕುಂತ. ಇಪ್ಪತ್ತೊಂದು ವರ್ಷದ ನೌಕರಿ, ಖೊಟ್ಟಿ ಸಹಿ ಅಂದ್ರ ನಿನಗೂ ಕೇಸು, ಅಂದ. ಆಗ್ಲಿ ಅಂದೆ. ಖರೇನ ಅಂದಿದ್ದೆ. ಮೂರು ಹಾಳಿ ತುಂಬ ಬರದೆ, ನನ್ನ ಸ್ವಂತ ಅಕ್ಷರದಾಗ.

ಮೇ ತಿಂಗಳದಾಗ ಹೇಳಿಕೆಗೆ ಕರದ್ರು. ಜಾಸ್ಮಿನ ಅಪ್ಪನ ಸ್ಕೂಟರಿನ ಮ್ಯಾಲ ಬಂದು ಆಫೀಸಿನ ಹೊರಗ ಬೇವಿನ ಗಿಡದ ಕೆಳಗ ನಿಂತಿದ್ಲು. ನಾ ಒಳಗ ಹೋಗಿ ಮೂರೂ ಹಾಳಿ ಕರಿಬಸಪ್ಪ ಸಾಹೇಬರ ಕೈಗೆ ಕೊಟ್ಟೆ. ಎರಡು ಸಲ ಓದಿದ್ರು. ಒದರತಾರ ಅಂತ ತಿಳಕೊಂಡಿದ್ದೆ, ಒದರಲಿಲ್ಲ. ಹಾಜರಿ ಪುಸ್ತಕ ನನ್ನ ಕಡೆ ತಿರುಗಿಸಿದ್ರು.

“ಮೇಡಂ, ಈ ಪುಟದ ಕಡೀಕ ಯಾರ ಸಹಿ ಐತಿ ನೋಡ್ರಿ.”

ಮೇಲಿನ ಎಲ್ಲರೂ ಹಾಜರಿದ್ದರು ಎಂದು ದೃಢೀಕರಿಸಿದೆ, ಅಂತ ಬರದು ಅವರ ಸಹಿ ಇತ್ತು.

“ಇದೊಂದು ಸುಳ್ಳಾದ್ರ ಆರು ವರ್ಷದ ಪುಸ್ತಕ ತಗೀಬೇಕು. ನಿಮ್ಮ ಬಳಗದಾಗ ಎಷ್ಟು ಮಂದಿ? ಅರವತ್ತು? ಎಲ್ಲಾರನ್ನೂ ಕರೀಬೇಕು. ನೀವು ಕಾರ್ಯದರ್ಶಿ, ಮೊದಲನೇ ಹೆಸರು ನಿಮ್ಮದು. ಹುಡುಗಿ ತಿರುಗಿ ಬರತಾಳೇನು? ಜಾಸ್ಮಿನ ಅವರು ಉಳೀತಾರೇನು? ಸುರದದ್ದಂತೂ ಅವರ. ಅವರ ಕೂಡ ನೀವೂ ಹೋಗ್ತೀರಿ, ಅಷ್ಟ.” ಹಾಳಿ ಮಡಚಿ ನನ್ನ ಮುಂದ ಸರಿಸಿದ್ರು. “ಊಟಾ ಮಾಡಿ ಬರ್ರಿ. ಮಧ್ಯಾಹ್ನ ನಿಮ್ಮ ಹೇಳಿಕೆ ತಗೊಳ್ಳೂಣು.”

ಊಟಾ ಮಾಡಲಿಲ್ಲ. ಹಿಂದಿನ ವರಾಂಡಾದಾಗ ನಳದ ಹತ್ರ ಕುಂತೆ. ಹೊರಗ ಹೋದ್ರ ಜಾಸ್ಮಿನಳ ಮಾರಿ ನೋಡಬೇಕಾಗತಿತ್ತು. ನನ್ನ ಮಗ ಪಿಯುಸಿ, ಮನಿ ಸಾಲ, ಗಂಡನ ಮಾತು, ಎಲ್ಲಾ ತಲ್ಯಾಗ ಬಂದ್ವು ಅಂತ ಹೇಳಬಹುದು. ಖರೇ ಹೇಳಬೇಕಂದ್ರ ಅವು ಯಾವೂ ಅಲ್ಲ. ಅರವತ್ತು ಮಂದಿ ನನ್ನ ಕಡೆ ಬೆಟ್ಟು ಮಾಡಿ ತೋರಸೂದು ಕಣ್ಣಿಗೆ ಕಂಡು ಅಂಜಿದೆ. ಜೋರು ಬಾಯಿ ಇದ್ದವರಿಗೆ ಧೈರ್ಯಾನೂ ಇರತೈತಿ ಅಂತ ಮಂದಿ ತಿಳಕೋತಾರ, ನಾನೂ ತಿಳಕೊಂಡಿದ್ದೆ. ಆ ಮೂರು ಹಾಳಿ ಹರದು ನಳದ ಕೆಳಗ ಹಿಡದೆ.

ಎರಡೂವರಿಗೆ ಕ್ಲರ್ಕ್ ಕೇಳಿದ: “ತರಬೇತಿಯ ಮಧ್ಯಾಹ್ನದ ಅಧಿವೇಶನದಲ್ಲಿ ಜಾಸ್ಮಿನ ಅವರು ಹಾಜರಿದ್ದರೇ?”

“ಇದ್ರು,” ಅಂದೆ.

ಕೆಳಗ ಸಹಿ ಮಾಡ್ರಿ ಅಂದ. ನನ್ನ ಸ್ವಂತ ಸಹಿ ಅವತ್ತ ಸೊಟ್ಟಗ ಬಂತು.

ಹೊರಗ ಬಂದ್ರ ಜಾಸ್ಮಿನ ಅಲ್ಲೇ ನಿಂತಿದ್ಲು, ಬಿಸಿಲು ಸರಿದಂಗ ತಾನೂ ನೆರಳಿನ ಕೂಡ ಸರಿದಿದ್ಲು. “ಹೇಳಿದ್ರೇನ್ರಿ ಅಕ್ಕಾ?”

“ಹೇಳಿದೆ.”

ಆಕಿ ಕಣ್ಣಾಗ ನೀರು ಬಂತು. ಎಡಗೈಲೆ ನನ್ನ ಕೈ ಹಿಡದ್ಲು. “ನಾಳೆ ಮುಂಜಾನೆ ಹೋಗಿ ಗೋದುಬಾಯಿಗೆ ನಾನ ಹೇಳಿ ಬರ್ತೇನ್ರಿ. ಪೂರ್ಣಿಮಕ್ಕ ಖರೇ ಹೇಳ್ಯಾರ, ಕಾಗದ ಬರತೈತಿ, ನೋಡು ಅಂತ.” ಅಬ್ದುಲ್ ರಜಾಕ ಅವರು ದೂರಿಂದ ನನಗ ಕೈ ಎತ್ತಿ ಸಲಾಂ ಮಾಡಿದ್ರು. ನಾನೂ ಕೈ ಎತ್ತಿದೆ.

ಆಗಸ್ಟ್‌ನಾಗ ಆದೇಶ ಬಂತು. ಬಂದ ಎರಡು ವಾರಕ್ಕ ಒಂದಿನ ಮಧ್ಯಾಹ್ನ ಊಟದ ಹೊತ್ತಿಗೆ ಜಾಸ್ಮಿನ ನಮ್ಮ ಸಾಲಿಗೆ ಬಂದ್ಲು. ಸ್ಟಾಫ್ ರೂಮಿನ್ಯಾಗ ನಾ ಒಬ್ಬಾಕಿನ ಇದ್ದೆ. ಕುಂದರು ಅಂದೆ, ಕುಂತ್ಲು. ಚೀಲದಿಂದ ಕಾಗದ ತಗದು, ಎರಡನೇ ಪುಟ ತೆರದು, ಎಡಗೈ ಬೆಟ್ಟಿಲೆ ಒಂದು ಸಾಲು ತೋರಿಸಿದ್ಲು. ‘ಬಳಗದ ಕಾರ್ಯದರ್ಶಿ ಶ್ರೀಮತಿ ಪೂರ್ಣಿಮಾ ಅವರು ಆಪಾದಿತರ ಹಾಜರಾತಿಯನ್ನು ದೃಢಪಡಿಸಿರುತ್ತಾರೆ.’ ಕೆಳಗ ಕೆಲಸದಿಂದ ತಗದ ಆದೇಶ ಇತ್ತು.

“ಇದನ್ನೂ ಗೋದುಬಾಯಿಗೆ ಓದಿ ಹೇಳಿದ್ರು,” ಅಂದ್ಲು. “ಮೊದ್ಲು ಬಾಗಿಲದಾಗರ ನಿಂದ್ರಸತಿದ್ಲು. ಈಗ ನನ್ನ ಕಂಡಕೂಡ್ಲೆ ಒಳಗ ಹೋಗಿ ಅಗಳಿ ಹಾಕ್ತಾಳ.”

ನಾ ಏನೋ ಹೇಳಾಕ ಹೋದೆ. ಆಕಿ ಕೇಳಲಿಲ್ಲ, ಚೀಲದಾಗ ಕೈ ಹಾಕಿ ಇನ್ನೊಂದು ಸಣ್ಣ ಚೀಟಿ ತಗದ್ಲು. ಆದೇಶದ ಪ್ರತಿ ತಲುಪಿದೆ, ಅಂತ ಅಚ್ಚು ಹಾಕಿ ಕೆಳಗ ಸಹಿಗೆ ಜಾಗ ಬಿಟ್ಟಿದ್ರು.

“ಇದನ್ನ ತಿರುಗಿ ಕಳಿಸಬೇಕಂತರಿ. ಹೆಬ್ಬೆಟ್ಟು ಒತ್ರಿ ಅಂದ ಆಫೀಸಿನಾವ. ನಮ್ಮ ಅಬ್ಬಾ ನನಗ ಎಂ.ಎಸ್ಸಿ. ಓದಿಸ್ಯಾರ್ರಿ ಅಕ್ಕಾ, ಹೆಬ್ಬೆಟ್ಟು ನಾ ಒತ್ತೂದಿಲ್ಲ.” ಚೀಟಿ ನನ್ನ ಮುಂದ ಇಟ್ಟು ಪೆನ್ನು ಅದರ ಮ್ಯಾಲ ಇಟ್ಲು. “ನೀವ ಮಾಡಿಬಿಡ್ರಿ. ನನ್ನ ಸಹಿ ಈಗ ನಿಮಗಷ್ಟ ಬರತೈತಿ.”

ಆಕಿ ದನಿಯಾಗ ಸಿಟ್ಟಿದ್ದಿಲ್ಲ. ಇದ್ದಿದ್ರ ನಾನೂ ಒದರಿ, ಅತ್ತು, ಕಾಲು ಹಿಡದು ಏನಾರ ಮಾಡತಿದ್ದೆ. ಪೆನ್ನು ತಗೊಂಡೆ. ಹೆಸರು ಬರದೆ, ಬಾಲ ಬಲಕ್ಕ ಎಳದೆ, ಗೆರಿ ಹಾಕಿದೆ, ಗೆರಿ ಕೆಳಗ ಎರಡು ಚುಕ್ಕಿ ಇಟ್ಟೆ. ಎಂದಿನಂಗ ಛಂದ ಬಂತು.

ಜಾಸ್ಮಿನ ಚೀಟಿ ಎತ್ತಿ ಕಿಟಕಿ ಬೆಳಕಿಗೆ ಹಿಡದು ನೋಡಿದ್ಲು. “ಹೂಂ, ನಂದ,” ಅಂದ್ಲು. ಮಡಚಿ ಚೀಲದಾಗ ಇಟ್ಟುಕೊಂಡು, ಎರಡೂವರಿ ಬಸ್ಸಿಗೆ ಹೋದ್ಲು.